ಜಗಲಿಗೆ ಬಂದ ಸಮುದ್ರದ ತಳ

ನಮ್ಮ ಮಾವ ಈಜು ಬಾರದೆಯೇ ಸಮುದ್ರದ ತಳ ಮುಟ್ಟಿ ಬಂದವರು! ನಗಬೇಡಿ. ಅವರೆದುರು ನಕ್ಕವರಿಗೆ ಅರ್ಧ ಗಂಟೆಯ ಪಾಠ ಖಾತ್ರಿ. ನಗದೆ ಕೂತವರಿಗೆ ಒಂದು ಗಂಟೆ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಯಲ್ಲಾಪುರದಲ್ಲಿ ಮನೆ. ಹುಬ್ಬಳ್ಳಿ–ಅಂಕೋಲಾ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. ಯಾರೋ ಸೀಟಿನ ಮೇಲೆ ಬಿಟ್ಟುಹೋದ ಭೂಗರ್ಭಶಾಸ್ತ್ರದ ಪುಸ್ತಕ ಅವರ ಕೈಗೆ ಸಿಕ್ಕಿತು ನೋಡಿ, ಅಲ್ಲಿಗೆ ಮುಗಿಯಿತು! ಅರಬೈಲ್ ಘಟ್ಟ ಬಂದಾಗಲೆಲ್ಲ ಸೀಟಿ ಬಾಯಿಂದ ತೆಗೆದು ಭಾಷಣ ಶುರು. "ಈ ಘಟ್ಟ ಎಂತ ಅಂದ್ಕಂಡ್ರಿ? ಮಡಗಾಸ್ಕರ್ ನಮ್ಮಿಂದ ಕಿತ್ಕಂಡು ಹೋದ ಜಾಗದ ಅಂಚು! ನೆಲ ಬಿರುಕು ಬಿಟ್ಟು, ಕೆಳಗಿಂದ ಕರಗಿದ ಕಲ್ಲು ಉಕ್ಕಿ, ತಣ್ಣಗಾಗಿ ಸಮುದ್ರದ ತಳ ಆತು." ಹಿಂದಿನ ಸೀಟಿನಿಂದ ಹುಬ್ಬಳ್ಳಿಯವರೊಬ್ಬರು, "ಮಡಗಾಸ್ಕರ್ ಹೋಗ್ಲಿ ಬಿಡ್ರಿ ಸಾಹೇಬ್ರ, ನನ್ನ ಸ್ಟಾಪೂ ಹೋತು!" ಎಂದು ಕೂಗಿದ್ದರಂತೆ.

ನಿವೃತ್ತಿಯ ಮೇಲೆ ಬಸ್ಸಿಲ್ಲ, ತಪ್ಪಿಸಿಕೊಳ್ಳಲಾಗದ ಪ್ರಯಾಣಿಕರೂ ಇಲ್ಲ. ಸಮುದ್ರದ ತಳ ಉಗುರು ಬೆಳೆದಷ್ಟೇ ನಿಧಾನವಾಗಿ ಹಿಗ್ಗುತ್ತದೆಂದು ತೋರಿಸಲು ಎಡಗೈ ಕಿರುಬೆರಳಿನ ಉಗುರನ್ನು ವರ್ಷವಿಡೀ ಕತ್ತರಿಸಲಿಲ್ಲ. ಹೋದ ಮನೆಯಲ್ಲೆಲ್ಲ ಆ ಬೆರಳು ಎತ್ತಿ ಹಿಡಿಯುವುದು! ಮನೆಯವರು ಪಾಪ, ಬಚ್ಚಲಿನ ದಾರಿ ತೋರಿಸುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಅತ್ತೆ ಸಹಿಸಿಕೊಳ್ಳುತ್ತಿದ್ದಳು. ಒಂದು ದಿನ ಹಿತ್ತಿಲಲ್ಲಿ ಅವಳ ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ಸಾಲು ಗೀರುಗಳು ಮಾವನ ಕಣ್ಣಿಗೆ ಬಿದ್ದವು. "ಅಲೆಯ ಗುರುತು! ಕೋಟ್ಯಂತರ ವರ್ಷದ ಹಿಂದೆ ಇದು ಸಮುದ್ರದ ತಳ!" ನಾಲ್ಕು ಜನರನ್ನು ಕರೆಸಿ ಕಲ್ಲು ಕೀಳಿಸಿ, ತೊಳೆದು, ಜಗಲಿಯಲ್ಲಿ ಮಣೆ ಹಾಕಿ ಕೂರಿಸಿದರು. ಸೋದರಳಿಯ ನಾನು, ನನಗೇ ಅಷ್ಟು ಮರ್ಯಾದೆ ಸಿಕ್ಕಿದ್ದಿಲ್ಲ!

"ಹಂಗಾರೆ ಆನು ಬಟ್ಟೆ ಎಲ್ಲಿ ಒಗ್ಯವು?" ಅತ್ತೆ ಕೇಳಿದಳು.

"ಸಮುದ್ರಕ್ಕೆ ಸಾಬೂನು ತಿಕ್ಕಿದ್ದು ಸಾಕು ಮಾರಾಯ್ತಿ!"

ಅಂದಿನಿಂದ ಅವಳು ಸಿಮೆಂಟು ನೆಲದ ಮೇಲೆ ಬಗ್ಗಿ ಬಗ್ಗಿ ಒಗೆದು ಸೊಂಟ ಹಿಡಿಸಿಕೊಂಡಳು. ಕಂಡವರೆದುರೆಲ್ಲ "ಎನ್ನ ಕಲ್ಲು ಎನಗೆ ಬೇಕು" ಎಂದು ದೂರು. ಕೊನೆಗೆ ಸವಾಲೇ ಹಾಕಿದಳು: "ಕಲಿತವ್ರು ಯಾರಾದ್ರೂ ಬಂದು ನೋಡ್ಲಿ. ಸಮುದ್ರ ಅಲ್ಲ ಹೇಳಿ ಆದ್ರೆ ಕಲ್ಲು ಹಿತ್ಲಿಗೆ!" ಮಾವ ಒಪ್ಪಿದರು.

ನಾನೇ ಶಿರಸಿಯಿಂದ ಪರಿಚಯದ ಭೂಗರ್ಭಶಾಸ್ತ್ರದ ಮೇಷ್ಟ್ರೊಬ್ಬರನ್ನು ಕರೆದೊಯ್ದೆ. ಮಾವ ಇಸ್ತ್ರಿ ಅಂಗಿ ತೊಟ್ಟು, ಮದುಮಗನಂತೆ ಜಗಲಿಯಲ್ಲಿ ಕಾದಿದ್ದರು. ಮೇಷ್ಟ್ರು ಕಲ್ಲನ್ನು ಸವರಿದರು, ಕನ್ನಡಕ ಏರಿಸಿದರು. "ಈ ಕಡೆಯ ಕಲ್ಲುಗಳಲ್ಲಿ ಹಳೇ ಸಮುದ್ರದಡಿ ಕೂತ ಕೆಸರಿನವು ಇವೆ, ಸುಳ್ಳಲ್ಲ. ಆದರೆ ಈ ಗೀರು..." ಎಂದು ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಇದಕ್ಕೆ ಯಾರಾದರೂ ಉಳಿ ಹೊಡೆದಿದ್ದಾರಾ?"

ಮಾವನ ಮುಖದ ಬಣ್ಣವೇ ಇಳಿಯಿತು. ಗೆದ್ದಳು ಅತ್ತೆ ಎಂದುಕೊಂಡೆ ನಾನು. ಅತ್ತೆ ಒಮ್ಮೆ ಗಂಡನನ್ನು ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಇಲ್ಲೆ ಮಾಸ್ತರ್ರೇ. ಆನು ಮದುವೆಯಾಗಿ ಬಂದಾಗಿಂದ ಹಿಂಗೇ ಇದ್ದು."

"ಹಾಗಾದರೆ ಇರಬಹುದು" ಎಂದರು ಮೇಷ್ಟ್ರು. ತಗೊಳ್ಳಿ, ಮಾವ ಒಂದೂವರೆ ಗಂಟೆ ಮಾತಾಡಿದರು!

ನಾನು ಬಿಡುತ್ತೇನೆಯೇ? ಅಡುಗೆಮನೆಗೆ ಹೋಗಿ ಆ ಗೀರಿನ ನಿಜ ಕೇಳಿಯೇಬಿಟ್ಟೆ. ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಬಟ್ಟೆ ಜಾರ್ತು ಹೇಳಿ ಉಳಿ ಹೊಡ್ಸಿದ್ದು ಆನೇಯ, ತಮಾ. ಒರಳಿಗೆ ಉಳಿ ಕುಟ್ಟಲೆ ಬಂದವನ ಹತ್ರ. ಇವು ಡ್ಯೂಟಿಗೆ ಹೋಗಿದ್ದ."

"ಮತ್ತೆ ಹೇಳಲೇ ಇಲ್ಲವಲ್ಲ! ನಿನ್ನ ಸೊಂಟ?"

"ಸೊಂಟಕ್ಕೆ ಎಣ್ಣೆ ತಿಕ್ಕಿರಾತು. ಇಷ್ಟು ವರ್ಷ ಬಸ್ಸಲ್ಲಿ ನಿಂತ್ಕಂಡೇ ಕಳೆದ ಜೀವ. ಆ ಕಲ್ಲಿನ ಹತ್ರ ಕೂತಾಗ ಮಾತ್ರ ಮುಖದಲ್ಲಿ ನಗು ಇರ್ತು. ಅದನ್ನೂ ಕಿತ್ಗಂಡ್ರೆ ಅವ್ಕೆ ಎಂತ ಇದ್ದು? ನೀನೂ ಯಾರ ಹತ್ರವೂ ಹೇಳಡ."

ಅತ್ತೆ ಒಗೆಯುವ ಬಟ್ಟೆಯ ಬಕೆಟ್ಟು ಎತ್ತಿಕೊಂಡಳು. ಅವಳ ಕೈಯಲ್ಲಿದ್ದ ಬಕೆಟ್ಟು ಕಿತ್ತುಕೊಂಡು ಹಿತ್ತಿಲಿಗೆ ನಡೆದೆ. ಅವತ್ತಿನ ಬಟ್ಟೆ ನಾನು ಒಗೆದೆ.