ಅತ್ಯಾನ ಕೈಗಡಿಯಾರ

ನಮ್ಮ ಅತ್ಯಾ ಎರಡು ತಿಂಗಳು ಥಾಯ್ಲೆಂಡಿನಲ್ಲಿದ್ದು ಬಂದಳು ಎಂದು ಕಲಬುರಗಿಯ ನಮ್ಮ ಗಾಜಿಪುರದ ಓಣಿಯವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ವಿಮಾನ ಹತ್ತಿದ್ದು ನಿಜ, ಇಳಿದದ್ದೂ ನಿಜ. ಆದರೆ ಆಕೆ ಥಾಯ್ಲೆಂಡಿಗೆ ಬರಲೇ ಇಲ್ಲ!

ಅತ್ಯಾ ಎಂದರೆ ನನ್ನ ಅಪ್ಪನ ಅಕ್ಕ. ಅವ್ವ ತೀರಿಕೊಂಡ ಮೇಲೆ ಕಮಲಾಪುರದಿಂದ ಬಂದು ನನ್ನನ್ನೂ ಅಣ್ಣನನ್ನೂ ಬೆಳೆಸಿದವಳು. ತೊಂಬತ್ತರ ದಶಕದಲ್ಲಿ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆಂದು ಆ ದೇಶಕ್ಕೆ ಹೋದ ನಾನು ಆರೇ ತಿಂಗಳಲ್ಲಿ ಹೈರಾಣಾಗಿದ್ದೆ. ಭಾಷೆ ಬಾರದು, ಬೆವರು ಆರದು, ಯಾವ ಪಲ್ಯ ತಂದರೂ ಮೀನಿನ ವಾಸನೆ. ಸಂಜೆ ಬಂದು ಬೀಗ ತೆಗೆಯುವುದಕ್ಕೂ ಬೇಸರ. ಅತ್ಯಾ ಬಂದರೆ ಇದು ಮನೆಯಾದೀತು ಎಂದು ಕರೆಸಿಕೊಂಡೆ. ಬಂದವಳ ಕೈಯಲ್ಲಿ ಒಂದು ದೊಡ್ಡ ಡಬ್ಬಿ ಜೋಳದ ಹಿಟ್ಟು. "ಈ ಹಿಟ್ಟು ಇರೂತನಕ ಇರ್ತೀನಿ. ತೀರಿದ್ ದಿನ ನಾ ಹೊಂಟೆ" ಎಂದು ಬಾಗಿಲಲ್ಲೇ ಷರತ್ತು ಹಾಕಿದಳು.

ಎರಡನೆಯ ತಕರಾರು ಕೈಗಡಿಯಾರದ್ದು. ಅಲ್ಲಿಯ ಹೊತ್ತು ನಮಗಿಂತ ಒಂದೂವರೆ ತಾಸು ಮುಂದೆ. ಮುಳ್ಳು ತಿರುಗಿಸಿಕೊಡುತ್ತೇನೆ ಎಂದು ಕೈ ಚಾಚಿದರೆ ಅತ್ಯಾ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು.

"ಕಮಲಾಪುರದಾಗ ನನ್ನ ತಂಗಿ ಈಗ ಪೂಜಿಗೆ ಕೂತಿರ್ತಾಳ. ನೀ ಮುಳ್ಳು ತಿರುಗಿಸಿದ್ರ ನನಗ ಹ್ಯಾಂಗ ತಿಳೀಬೇಕು?"

ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಅಂದಿನಿಂದ ನಮ್ಮ ಮನೆಯ ಗೋಡೆಯ ಮೇಲೊಂದು ದೇಶ, ಅತ್ಯಾನ ಮಣಿಕಟ್ಟಿನ ಮೇಲೊಂದು ದೇಶ. ನಾನು ದುಡಿದು ಬಂದು ಹಸಿದು ಕೂತರೆ, "ಇನ್ನಾ ಆರೂವರಿ, ಇಷ್ಟ ಲಗೂ ಉಣ್ಣತಾರೇನೋ?" ಎಂಬ ಪ್ರಶ್ನೆ!

ಸಂತೆಗೆ ಕರೆದುಕೊಂಡು ಹೋದೆ. ಹತ್ತಾರು ಬಗೆಯ ಬಾಳೆಹಣ್ಣಿನ ಮುಂದೆ ನಿಂತು, "ಎಲ್ಲಾ ಅವ. ನಮ್ಮ ಕಮಲಾಪುರದ ಕೆಂಪು ಬಾಳಿಹಣ್ಣ ಎಲ್ಲ್ಯಾದ?" ಎಂದು ಮಾರುವವಳನ್ನು ಕನ್ನಡದಲ್ಲೇ ದಬಾಯಿಸಿದಳು. ಆಕೆ ನಕ್ಕು ಕೈಮುಗಿದಳು. ಬೈಸಿಕೊಂಡವರು ಕೈಮುಗಿಯುವ ದೇಶದಲ್ಲಿ ಜಗಳ ತೆಗೆಯುವುದು ಹೇಗೆ? ಅತ್ಯಾಗೆ ಮೊದಲ ಸಲ ನಿರಾಸೆಯಾಯಿತು.

ಹತ್ತಿರದಲ್ಲೇ ಒಂದು ಬೌದ್ಧ ವಿಹಾರವಿತ್ತು. ಸ್ವಾಮಿಗಳಿಗೆ ಊಟ ಕೊಡಬೇಕು ಎಂದು ಅತ್ಯಾ ಒಂದು ದಿನ ಡಬ್ಬಿ ಕಟ್ಟಿಕೊಂಡು ಸರಿಯಾಗಿ ಹನ್ನೊಂದಕ್ಕೆ ಹೋದಳು. ಅದು ಕಲಬುರಗಿಯ ಹನ್ನೊಂದು! ಅಲ್ಲಿ ಆಗಲೇ ಹನ್ನೆರಡೂವರೆ. ಭಿಕ್ಷುಗಳು ಮಧ್ಯಾಹ್ನ ಹನ್ನೆರಡು ದಾಟಿದರೆ ಮರುದಿನ ಬೆಳಗಿನವರೆಗೆ ಉಣ್ಣುವುದಿಲ್ಲ. ತುಂಬಿದ ಡಬ್ಬಿ ಹಾಗೇ ವಾಪಸು ಬಂತು.

ಮರುದಿನ ನಸುಕಿನಲ್ಲೇ ಎದ್ದು ಭಕ್ರಿ ತಟ್ಟಿದಳು. ಜೋಳದ ರೊಟ್ಟಿಗೆ ನಮ್ಮ ಮನೆಯಲ್ಲಿ ಭಕ್ರಿ ಎನ್ನುತ್ತೇವೆ. ಪಾತ್ರೆ ಹಿಡಿದು ಭಿಕ್ಷುಗಳ ಸಾಲು ಬೀದಿಗೆ ಬಂತು. ಅತ್ಯಾ ಮಡಿಯಲ್ಲಿದ್ದಳು, ಯಾರನ್ನೂ ಮುಟ್ಟುವಂತಿಲ್ಲ. ಭಿಕ್ಷುವೂ ಹೆಂಗಸರನ್ನು ಮುಟ್ಟುವಂತಿಲ್ಲ. ಈಕೆ ಒಂದು ಹೆಜ್ಜೆ ಹಿಂದೆ ಸರಿದಳು, ಅವರೂ ಒಂದು ಹೆಜ್ಜೆ ಸರಿದರು. ನಡುವೆ ಭಕ್ರಿ ರಸ್ತೆಗೆ ಬಿತ್ತು.

ಅತ್ಯಾನ ಮುಖ ಅರಳಿತು. "ಏ ತಮ್ಮಾ, ಇವರೂ ಮಡೀಲೆ ಇದ್ದಾರೋ! ಈ ದೇಶದಾಗ ತಿಳದವ್ರು ಇದ್ದಾರ!"

ಅಂದಿನಿಂದ ದಿನವೂ ಅವರಿಗೆ ನಾಲ್ಕು ಭಕ್ರಿ. ಗಡಿಯಾರದ ಮುಳ್ಳು ತಿರುಗಿಸಲು ಆಗಲೂ ಬಿಡಲಿಲ್ಲ, ಅದರಲ್ಲಿ ನಾಲ್ಕು ಹೊಡೆಯುವ ಮೊದಲೇ ಅತ್ಯಾ ಏಳತೊಡಗಿದಳು. ಹಿಟ್ಟು ಮಾತ್ರ ಸರಸರ ಇಳಿಯತೊಡಗಿತು. ನನಗೆ ದಿಗಿಲು. ದೇಶ ಬಿಟ್ಟು ಬಂದ ನಾನು ಡಬ್ಬಿಯ ಮುಚ್ಚಳ ತೆಗೆದು ಹಿಟ್ಟು ನೋಡುತ್ತ ನಿಲ್ಲುವಂತಾಯಿತು. ಕೊನೆಗೆ "ಹೊಟ್ಟಿ ಸರಿ ಇಲ್ಲ, ನನಗ ಅನ್ನನ ಇರ್ಲಿ" ಎಂದು ಸುಳ್ಳು ಹೇಳಿ ಮೂರು ವಾರ ಭಕ್ರಿ ಬಿಟ್ಟೆ. ಆದರೂ ಹಿಟ್ಟು ತೀರಿತು. ಅತ್ಯಾ ಹೊರಟಳು. ಖಾಲಿ ಡಬ್ಬಿ ನನ್ನ ಅಡುಗೆಮನೆಯಲ್ಲೇ ಉಳಿಯಿತು.

ಒಂದು ವರ್ಷದ ಮೇಲೆ ಹದಿನೈದು ದಿನ ರಜೆ ಸಿಕ್ಕಿತು. ಗಾಜಿಪುರದ ಮನೆಗೆ ಕಾಲಿಟ್ಟದ್ದೇ ಅಣ್ಣ ದೂರು ಬಿಚ್ಚಿದ.

"ಅತ್ಯಾಂದು ತಲಿ ಕೆಟ್ಟದ ನೋಡು. ಸೇಡಂ ರಸ್ತೆ ದವಾಖಾನಿಗೆ ಹನ್ನೊಂದಕ್ಕ ಬರ್ರಿ ಅಂದ್ರ ಒಂಬತ್ತೂವರಿಗೇ ಹೋಗಿ ಕೂಡ್ತಾಳ. ಗಡಿಯಾರ ಕೆಟ್ಟದ, ರಿಪೇರಿಗೆ ಕೊಡಬೇ ಅಂದ್ರ ಕೈಗೇ ಕೊಡಾಂಗಿಲ್ಲ."

ಅತ್ಯಾನ ಮಣಿಕಟ್ಟು ಹಿಡಿದು ನೋಡಿದೆ. ಗೋಡೆಯ ಮೇಲೆ ಹತ್ತೂವರೆ, ಕೈಯಲ್ಲಿ ಹನ್ನೆರಡು.

"ಕೆಟ್ಟಿಲ್ಲಪಾ ಅದು" ಎಂದಳು ಮೆಲ್ಲಗೆ. "ನೀ ಎದ್ದೀಯೋ, ಉಂಡೀಯೋ, ನನಗ ತಿಳೀಬೇಕಲ್ಲ? ಮೂರು ವಾರ ಸುಳ್ಳ ಹೇಳಿ ಅನ್ನ ತಿಂದಾಂವ ನೀ."

ಗೊತ್ತಿತ್ತು ಆಕೆಗೆ. ನನಗೆ ಅಳು ಬಂತು, ಮುಚ್ಚಿಡಲಿಲ್ಲ. ಅತ್ಯಾ ಕನ್ನಡಕ ಏರಿಸಿಕೊಂಡು, ಗಡಿಯಾರದ ಕೀಲಿಯನ್ನು ಉಗುರಿನಿಂದ ಎಳೆದು, ಮುಳ್ಳನ್ನು ಒಂದೂವರೆ ತಾಸು ಹಿಂದಕ್ಕೆ ತಿರುಗಿಸಿದಳು.

"ಈಗ ಇಲ್ಲೇ ಇದ್ದೀಯಲ್ಲ" ಎಂದಳು.

ಆ ಹದಿನೈದು ದಿನ ಅತ್ಯಾ ಕಲಬುರಗಿಯಲ್ಲಿದ್ದಳು.