ಶ್ರುತಿ ಹಿಡಿದ ಟರ್ಬೊ

ಗಾಡಿ ಕೊಳ್ಳುವವರೆಗೂ ನನಗೆ ಕಿವಿಗಳಿವೆ ಎಂಬುದೇ ಅಷ್ಟಾಗಿ ನೆನಪಿರಲಿಲ್ಲ. ಬಸವಕಲ್ಯಾಣದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಅಲ್ಲಿ ಬೇಕಾದದ್ದು ಬೆರಳು. ಸೀರೆಯ ಅಂಚನ್ನು ಒಮ್ಮೆ ಉಜ್ಜಿ ನೋಡಿದರೆ ಸಾಕು, ಅದರ ಕುಲಗೋತ್ರವೆಲ್ಲ ಹೇಳಬಲ್ಲೆ. ಕಿವಿಯ ವಿಷಯ ಹಾಗಲ್ಲ. ಅಡುಗೆಮನೆಯಿಂದ ಎಷ್ಟು ಕೂಗಿದರೂ ನನಗೆ ಕೇಳಿಸುವುದಿಲ್ಲ ಎಂಬುದು ಹೆಂಡತಿ ಸುವರ್ಣಳ ಬಹುದಿನದ ದೂರು. ಅಂಥ ನನಗೆ, ಸೆಕೆಂಡ್ ಹ್ಯಾಂಡ್ ಟರ್ಬೊ ಡೀಸೆಲ್ ಗಾಡಿ ಮನೆಗೆ ಬಂದ ವಾರದಲ್ಲೇ, ಅದರ ಬಾನೆಟ್ಟಿನೊಳಗೆ ಯಾರೋ ತೆಳ್ಳಗೆ ಸಿಳ್ಳೆ ಹಾಕುವುದು ಕೇಳಿಸತೊಡಗಿತು.

ಟರ್ಬೊ ಎಂದರೆ ದೊಡ್ಡ ವಿದ್ಯೆಯೇನಲ್ಲ. ಎಂಜಿನ್ ಬಿಟ್ಟ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದರಿಂದ ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗುತ್ತದೆ. ಉಂಡು ಹೊರಟ ನೆಂಟನ ಕೈಯಲ್ಲಿ ಹೋಗುತ್ತಾ ಕಸದ ಬುಟ್ಟಿಯನ್ನೂ ಕಳಿಸಿದಂತೆ. ಹೊಗೆಯ ಸಿಟ್ಟು ಅಲ್ಲೇ ಅರ್ಧ ಇಳಿಯುವುದರಿಂದ ಸೈಲೆನ್ಸರಿನ ಸದ್ದು ಮೆತ್ತಗಿರುತ್ತದೆ. ತುಸು ಸಿಳ್ಳೆ ಸಹಜ, ಜೋರು ಸಿಳ್ಳೆ ಅಪಾಯ ಎಂದು ಮೊಬೈಲಿನ ವಿಡಿಯೊಗಳು ಹೇಳಿದವು. ಎಷ್ಟಿದ್ದರೆ ತುಸು, ಎಷ್ಟಿದ್ದರೆ ಜೋರು ಎಂಬುದನ್ನು ಯಾವ ಪುಣ್ಯಾತ್ಮನೂ ಹೇಳಲಿಲ್ಲ. ಬೆಳಿಗ್ಗೆ ಸೈಲೆನ್ಸರಿಗೆ ಕಿವಿಯಿಟ್ಟು ಮಂಡಿಯೂರಿ ಕುಳಿತಿದ್ದರೆ ಪಕ್ಕದ ಮನೆಯವರು, "ಯಾಕ್ರಿ ಸಾವಕಾರ್ರ, ಏನರ ಕಳಕೊಂಡೀರೇನ್ರಿ?" ಎಂದು ಕೇಳಿದರು. ನಿದ್ದೆ ಕಳೆದುಕೊಂಡಿದ್ದೇನೆ ಎನ್ನಲಾಗಲಿಲ್ಲ.

ಈ ಗಾಡಿ ಬೇಡ ಎಂದವಳು ಸುವರ್ಣ. ಟರ್ಬೊ ಇದೆ, ಕುದುರೆಯ ಹಾಗೆ ಓಡುತ್ತದೆ ಎಂದು ಹಟ ಹಿಡಿದು ತಂದವನು ನಾನು. ಟರ್ಬೊ ಕೈಕೊಟ್ಟರೆ ಗಾಡಿಯ ಜೊತೆಗೆ ನನ್ನ ಮಾತೂ ಗುಜರಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಅವಳ ವಚನ ಗಾಯನದ ಮಹಿಳಾ ಬಳಗಕ್ಕೆ ಹುಮನಾಬಾದಿನಿಂದ ಕರೆ ಬಂತು. ಊರ ಹೊರಗೆ ಅವರ ಮೊದಲ ಕಾರ್ಯಕ್ರಮ. ಬಸ್ಸಿಗೆ ಹೋಗಿ ಎಂದು ನಾನು ಮೆಲ್ಲಗೆ ಸೂಚಿಸಿದೆ. "ಮನ್ಯಾಗ ಗಾಡಿ ಇದ್ದು ಬಸ್ ಯಾಕ್ರಿ?" ಎಂದಳು. ಹಾರ್ಮೋನಿಯಂ ಡಿಕ್ಕಿಗೆ ಹೋಯಿತು, ಅದನ್ನು ನುಡಿಸುವ ಹಿರಿಯರಾದ ಗುರಮ್ಮಕ್ಕ ಇನ್ನಿಬ್ಬರೊಡನೆ ಹಿಂದೆ ಕುಳಿತರು. ನಡುದಾರಿಯಲ್ಲಿ ಗಾಡಿ ನಿಂತರೆ ನಾನು ಅಲ್ಲಿಂದಲೇ ಸನ್ಯಾಸಕ್ಕೆ ಹೋಗುವುದೆಂದು ನಿಶ್ಚಯಿಸಿದೆ.

ಊರ ಹೊರಗಿನ ಬಂಗ್ಲಾ ಕ್ರಾಸ್ ದಾಟಿ ಹೈವೇಯಲ್ಲಿ ಎಕ್ಸಲರೇಟರ್ ಒತ್ತಿದ್ದೇ ತಡ, ಸಿಳ್ಳೆ ಶುರುವಾಯಿತು. "ಒಂಚೂರು ಸುಮ್ನಿರ್ರಿ, ಸಪ್ಪಳ ಕೇಳ್ತೀನಿ" ಎಂದೆ. ಗುರಮ್ಮಕ್ಕ ಕಣ್ಣು ಮುಚ್ಚಿ ಆಲಿಸಿ, "ತಮ್ಮಾ, ಇದು ಕರಿ ಎರಡು" ಎಂದರು.

ನಾನು ಕನ್ನಡಿಯಲ್ಲಿ ಅವರ ಮುಖ ನೋಡಿದೆ. "ಅಂದ್ರ ಕೆಟ್ಟದೇನ್ರಿ ಅಕ್ಕಾ?"

"ಕೆಡೋದೇನ್ ಬಂತು? ಹಾರ್ಮೋನಿಯಂ ಪೇಟಿಯೊಳಗಿನ ಎರಡನೇ ಕರಿ ಮನಿ. ನಾವು ಹಾಡೋ ಶ್ರುತಿನೇ ಅದು!"

ಅಲ್ಲಿಂದ ಹಾಡು ಹೊರಟಿತು ನೋಡಿ. ಫಜೀತಿ ಮಾತ್ರ ನನ್ನದು. ಟ್ರ್ಯಾಕ್ಟರ್ ಅಡ್ಡ ಬಂದು ಕಾಲು ಸಡಿಲಿಸಿದರೆ ಶ್ರುತಿ ಇಳಿಯುತ್ತಿತ್ತು, ಅದನ್ನು ಹಿಂದೆ ಹಾಕಹೋದರೆ ಏರುತ್ತಿತ್ತು. "ರೀ, ಏರಸಬ್ಯಾಡ್ರಿ, ದನಿ ಹೋಗ್ತದ!" ಎಂದು ಸುವರ್ಣ ಗದರಿದಳು. ರಾಜೇಶ್ವರದ ಹತ್ತಿರ ರಸ್ತೆ ಉಬ್ಬಿನಲ್ಲಿ ಇಡೀ ವಚನವೇ ಕುಸಿದುಬಿತ್ತು. ನಾಲ್ವರೂ ನನ್ನನ್ನೇ ಬೈದರು. ನಿಜ ಹೇಳಬೇಕೆಂದರೆ, ಅವರು ಎಷ್ಟು ಚೆನ್ನಾಗಿ ಹಾಡುತ್ತಿದ್ದರೆಂದರೆ ನನಗೆ ಟರ್ಬೊದ ಭಯವೇ ಸ್ವಲ್ಪ ಹೊತ್ತು ಮರೆತುಹೋಗಿತ್ತು.

ಹುಮನಾಬಾದಿನಲ್ಲಿ ಅವರನ್ನು ಇಳಿಸಿದವನೇ ಹೈವೇ ಬದಿಯ ಖಾಜಾಭಾಯಿಯ ಗ್ಯಾರೇಜಿಗೆ ಓಡಿದೆ. ನನ್ನ ವಿವರಣೆಯನ್ನೆಲ್ಲ ಅರ್ಧಕ್ಕೇ ತಡೆದು ಆತ ಬಾನೆಟ್ಟಿನೊಳಗೆ ಕೈ ಹಾಕಿದ. "ಟರ್ಬೊ ಮಸ್ತ್ ಅದ ಸಾಬ್. ಪೈಪಿನ ಕ್ಲಿಪ್ ಸಡ್ಲಾಗ್ಯಾದ, ಹವಾ ಲೀಕ್ ಆಗಾಕತ್ತದ." ಸ್ಕ್ರೂ ಬಿಗಿದ, ಸಿಳ್ಳೆ ಮಾಯ. ಸಂತೋಷ ತಡೆಯಲಾರದೆ ಅಲ್ಲೇ ಎರಡು ಪ್ಲೇಟ್ ಮಿರ್ಚಿ ಭಜಿ ತಿಂದೆ.

ಕಾರ್ಯಕ್ರಮ ಭರ್ಜರಿಯಾಗಿ ಆಗಿತ್ತು. ಶಾಲು, ಹಾರಗಳೊಂದಿಗೆ ಗಾಡಿ ಹತ್ತಿದ ಗುರಮ್ಮಕ್ಕ, "ಹೂಂ ತಮ್ಮಾ, ಶ್ರುತಿ ಕೊಡು" ಎಂದರು.

"ರಿಪೇರಿ ಮಾಡಿಸೀನ್ರಿ ಅಕ್ಕಾ. ಕ್ಲಿಪ್ ಸಡ್ಲಾಗಿತ್ತು. ಇನ್ನ ಸಪ್ಪಳೇ ಬರಂಗಿಲ್ಲ" ಎಂದೆ ಹೆಮ್ಮೆಯಿಂದ.

ಟರ್ಬೊ ಸಿಡಿದು ಚೂರಾಗಿದ್ದರೂ ಸುವರ್ಣ ನನ್ನನ್ನು ಹಾಗೆ ನೋಡುತ್ತಿರಲಿಲ್ಲ. "ನಿಮಗ್ಯಾರು ಹೇಳಿದ್ರು ಮಾಡಸ್ರಿ ಅಂತ? ಈಗ ನೀವೇ ಹಿಡೀರಿ ಶ್ರುತಿ!"

ಹಾಗೆ ಹುಮನಾಬಾದಿನಿಂದ ಸ್ಟೀರಿಂಗ್ ಹಿಡಿದು "ಆ..." ಎನ್ನುತ್ತಾ ಹೊರಟೆ. ಉಸಿರು ತೆಗೆದುಕೊಂಡಾಗಲೆಲ್ಲ ಹಾಡು ಎಡವುತ್ತಿತ್ತು. ಕೊನೆಗೆ ಗುರಮ್ಮಕ್ಕ ನಿಟ್ಟುಸಿರಿಟ್ಟು, "ಗಾಡೀದೇ ಛಲೋ ಇತ್ತು ನೋಡವ್ವಾ ಸುವರ್ಣಾ. ನಿನ್ನ ಗಂಡಂದು ನಿಲ್ಲಂಗಿಲ್ಲ" ಎಂದರು.

"ನಾಳೆ ಹೋಗಿ ಕ್ಲಿಪ್ ಸಡ್ಲ ಮಾಡಿಸ್ಕೊಂಡು ಬರ್ತಾರ್ರಿ ಅಕ್ಕಾ" ಎಂದಳು ಸುವರ್ಣ. ಆಗುವುದಿಲ್ಲ ಎನ್ನಲು ನನ್ನ ಬಾಯಿಗೆ ಬಿಡುವಿರಲಿಲ್ಲ. ಅದರಲ್ಲಿ ಶ್ರುತಿ ಇತ್ತು.