ಜೋತುಬಿದ್ದ ತುದಿ

ಟೈಲರಮ್ಮನ ಕೈಗಳೇ ಟೈಲರಮ್ಮನ ಶತ್ರುಗಳು. ಬಾಲಕಿಯರ ಸ್ಕೌಟ್ ತಂಡಕ್ಕೆ ಅವಳು ನಾಯಕಿಯಾದ ಮೊದಲ ಭಾನುವಾರವೇ ಅವು ತಾವಾಗಿ ಡೇರೆ ಹೊಡೆದವು, ಒಲೆ ಹಚ್ಚಿದವು, ಸಾಲದ್ದಕ್ಕೆ ಎಲ್ಲರ ಶೂ ಲೇಸನ್ನೂ ಕಟ್ಟಿದವು. ಹುಡುಗಿಯರು ಬಸ್ಸು ತಪ್ಪಿಸಿಕೊಂಡವರ ಹಾಗೆ ಸಾಲಾಗಿ ಕೂತು ನೋಡುತ್ತಿದ್ದರು.

ಅದನ್ನು ಕಂಡ ಮೇಲ್ವಿಚಾರಕಿ ಅವಳನ್ನು ಪಕ್ಕಕ್ಕೆ ಕರೆದರು. "ಇಲ್ಲಿ ಮಾಡೋರು ಅವರು ಕಣಮ್ಮ. ನೀವು ಕೈ ಹಿಂದೆ ಕಟ್ಟಿಕೊಂಡು ನಿಂತಿರಬೇಕು. ಹೇಳಿಕೊಟ್ಟರೆ ಮಕ್ಕಳು ಕೇಳ್ತಾರೆ, ಬಿಟ್ಟರೆ ಕಲೀತಾರೆ. ಮುಂದಿನ ವಾರ ಬರ್ತೀನಿ. ಆಗಲೂ ಹೀಗೇ ಇದ್ರೆ ನಿಮ್ಮನ್ನ ಬಿಡಿಸಬೇಕಾಗುತ್ತೆ. ಬೇರೆ ಯಾರೂ ಇಲ್ಲ, ತಂಡವನ್ನೇ ಮುಚ್ಚಬೇಕು."

ತಂಡದಲ್ಲಿ ಟೈಲರಮ್ಮನ ಮಗಳೂ ಇದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ಗಟ್ಟಿಯಾಗಿ ನಕ್ಕದ್ದು ಈ ತಂಡಕ್ಕೆ ಸೇರಿದ ಮೇಲೇ.

ಹಾಗಾಗಿ ಮರುವಾರ, ತಮ್ಮ ಮನೆಯಿದ್ದ ಕಟ್ಟಡದ ಹಿಂದಿನ ಬಯಲಲ್ಲಿ, ಟೈಲರಮ್ಮ ಮಗಳಿಗೆ ಬೆನ್ನು ತಿರುಗಿಸಿ ಎರಡೂ ಕೈಗಳನ್ನು ಹಿಂದಕ್ಕೆ ಚಾಚಿದಳು.

"ಕಟ್ಟಿಬಿಡೇ."

"ಅಮ್ಮಾ, ಹುಚ್ಚಾ ನಿನಗೆ?"

"ಗಂಟು ಹಾಕೋದು ಕಲ್ತಿದ್ದೀಯಲ್ಲ, ಹಾಕು. ನಾನು ಕಾಲಿಗೆ ಬಿದ್ದರೂ ಬಿಚ್ಚಬೇಡ."

ಮಗಳು ತನ್ನ ಕೊರಳಿನ ಸ್ಕಾರ್ಫ್ ತೆಗೆದು ಕಟ್ಟಿದಳು. "ಅಮ್ಮ, ಇಲ್ಲಿ ಕೇಳು, ಬೇಕು ಅನ್ನಿಸಿದಾಗ..."

"ಏನೂ ಬೇಡ. ಹೋಗಿ ಡೇರೆ ನೋಡ್ಕೋ!"

ಮಗಳು ಓಡಿದಳು. ಸ್ಕಾರ್ಫಿನ ಒಂದು ತುದಿ ಜೋತುಬಿದ್ದು ಬೆರಳಿಗೆ ತಾಗುತ್ತಿತ್ತು. ಟೈಲರಮ್ಮನಿಗೆ ಜೋತಾಡುವ ದಾರ, ಬಟ್ಟೆ ಯಾವುದೂ ಆಗದು. ಬೆರಳಲ್ಲೇ ತಡವಿ ಅದನ್ನು ಗಂಟಿನೊಳಗೆ ಅಚ್ಚುಕಟ್ಟಾಗಿ ತುರುಕಿದಳು.

ಡೇರೆ ಎದ್ದಿತು, ಕುಡಿದವನ ಹಾಗೆ ವಾಲಿತು, ಬಿತ್ತು. ಹುಡುಗಿಯರು ಜಗಳವಾಡಿದರು. ಟೈಲರಮ್ಮ ತುಟಿ ಕಚ್ಚಿದಳು. ಇಷ್ಟು ಸಾಲದೆಂಬಂತೆ ಮೂಗಿನ ತುದಿಯಲ್ಲಿ ತುರಿಕೆ ಶುರುವಾಯಿತು. ಗೋಡೆಗೆ ಉಜ್ಜೋಣವೆಂದು ಮೆಲ್ಲಗೆ ಮೆಟ್ಟಿಲ ಕಡೆಗೆ ಸರಿದಳು.

ಅಲ್ಲಿ ಕೆಳಗಿನ ಮನೆಯ ಮೇಷ್ಟ್ರು ಸಿಕ್ಕಿದರು. "ಅಯ್ಯಯ್ಯೋ! ಯಾರಮ್ಮ ಕಟ್ಟಿದ್ದು? ಕಳ್ಳರಾ?"

"ಅಲ್ಲ ಮೇಷ್ಟ್ರೇ, ನಾನೇ ಕಟ್ಟಿಸಿಕೊಂಡೆ. ಒಂಚೂರು ಬಿಚ್ಚಿ, ಮೂಗು ಕೆರೆದುಕೊಂಡು ಮತ್ತೆ ಕಟ್ಟಿಸ್ಕೋತೀನಿ."

"ಗಂಟಿಗೊಂದು ತರ್ಕ ಇರುತ್ತೆ," ಎಂದು ಮೇಷ್ಟ್ರು ಎಳೆದರು. ತರ್ಕ ಬಿಗಿಯಾಯಿತು. ಮೇಲಿನ ಮನೆಯ ಅಜ್ಜಿ ಎಣ್ಣೆ ತಂದು ಸುರಿದರು. ಎಣ್ಣೆ ಸೀರೆಗೆ ಇಳಿಯಿತು, ಗಂಟು ಮಾತ್ರ ಅಲ್ಲೇ ಉಳಿಯಿತು. ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್ ಇಕ್ಕಳ ಹಾಕಿ ತಿರುಗಿಸಿದ.

"ಅಣ್ಣಾ, ಅದು ನನ್ನ ಹೆಬ್ಬೆರಳು!"

"ಕತ್ತರಿಸಿಬಿಡೋಣ ಅಕ್ಕ. ನಿಮ್ಮ ಅಂಗಡಿಯಲ್ಲೇ ಕತ್ತರಿ ಇದೆಯಲ್ಲ."

"ಬೇಡ!" ಟೈಲರಮ್ಮ ಗೋಡೆಗೆ ಬೆನ್ನು ಒತ್ತಿ ನಿಂತಳು. ಆ ಸ್ಕಾರ್ಫಿನ ಅಂಚನ್ನು ಮಗಳು ತಾನೇ ಹೊಲಿದಿದ್ದಳು. ಹೊಲಿಗೆ ಹಾವಿನ ಹಾಗೆ ಅಂಕುಡೊಂಕಾಗಿ ಓಡಿತ್ತು. ಸರಿಮಾಡಲು ಹೋದ ಅಮ್ಮನಿಗೆ ಮುಟ್ಟಲೂ ಬಿಟ್ಟಿರಲಿಲ್ಲ. "ಕೈ ಬೇಕಾದ್ರೆ ಕತ್ತರಿಸಿ, ಅದನ್ನ ಮುಟ್ಟಬೇಡಿ."

"ಎಲ್ಲಿ ನಿಮ್ಮ ನಾಯಕಿ?" ಬಯಲಿನಿಂದ ಮೇಲ್ವಿಚಾರಕಿಯ ದನಿ ಕೇಳಿತು.

ಟೈಲರಮ್ಮ ಓಡಿಹೋಗಿ ಮೇಲ್ವಿಚಾರಕಿಗೆ ಎದುರಾಗಿ ನಿಂತಳು. ಅವರು ಎಡಕ್ಕೆ ನಡೆದರೆ ಇವಳು ಎಡಕ್ಕೆ ತಿರುಗಿದಳು, ಬಲಕ್ಕೆ ನಡೆದರೆ ಬಲಕ್ಕೆ. ಬೆನ್ನು ಮಾತ್ರ ತೋರಿಸಲಿಲ್ಲ. ಡೇರೆ ಮತ್ತೆ ಬಿತ್ತು; ಅವಳು ಕದಲಲಿಲ್ಲ. ಒಬ್ಬ ಹುಡುಗಿ ಅತ್ತಳು, ಇನ್ನೊಬ್ಬಳು ಅವಳ ಕಣ್ಣೊರೆಸಿದಳು. ಮೂರನೆಯ ಸಲ ಡೇರೆ ಎದ್ದು ನಿಂತಿತು, ಸೊಟ್ಟಗೆ, ಆದರೆ ನಿಂತಿತು. ಮಗಳು ಕುಣಿಯುತ್ತ ಗಟ್ಟಿಯಾಗಿ ನಕ್ಕಳು. ಟೈಲರಮ್ಮನ ಕೆನ್ನೆಯ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲು ಕೈಯಿರಲಿಲ್ಲ.

ಮೇಲ್ವಿಚಾರಕಿ ಬೆರಗಾದರು. "ಕಣ್ಣೀರು ಬಂದರೂ ಕೈ ಮುಂದೆ ತರಲಿಲ್ಲವಲ್ಲ! ಇಂಥ ಸಂಯಮ ನಾನು ನೋಡೇ ಇಲ್ಲ. ಮುಂದಿನ ಭಾನುವಾರ ಊರಿನ ಎಲ್ಲ ನಾಯಕಿಯರನ್ನೂ ಕರ್ಕೊಂಡು ಬರ್ತೀನಿ. ಹೀಗೇ ನಿಂತಿರಿ, ಸಾಕು."

ಅವರು ಹೋದ ಮೇಲೆ ಟೈಲರಮ್ಮ ಮಗಳಿಗೆ ಬೆನ್ನು ತಿರುಗಿಸಿದಳು. "ಬಿಚ್ಚೇ ತಾಯಿ. ಇಡೀ ಕಟ್ಟಡ ಸೇರಿದರೂ ಆಗಲಿಲ್ಲ."

ಮಗಳು ಬಗ್ಗಿ ನೋಡಿದಳು. "ತುದಿ ಎಲ್ಲಿ? ನಿನ್ನ ಕೈಗೆ ಸಿಗಲಿ ಅಂತ ಇಳಿಬಿಟ್ಟಿದ್ದೆ. ಅದನ್ನ ಎಳೆದರೆ ಬಿಚ್ಚಿಕೊಳ್ತಿತ್ತು. ಯಾರು ಒಳಗೆ ತುರುಕಿದ್ದು?"

ಮಗಳು ತುದಿಯನ್ನು ಹೊರಗೆಳೆದು ಒಮ್ಮೆ ಜಗ್ಗಿದಳು. ಸ್ಕಾರ್ಫ್ ಬಿಚ್ಚಿಕೊಂಡು ನೆಲಕ್ಕೆ ಜಾರಿತು. ಟೈಲರಮ್ಮ ಮೊದಲು ಮೂಗು ಕೆರೆದುಕೊಂಡಳು. ಆಮೇಲೆ ಕೈ ತಾನಾಗಿ ಮಗಳ ಕೆದರಿದ ಜಡೆಯತ್ತ ಹೋಯಿತು.

ಮಗಳು ಹಿಂದೆ ಸರಿದು ಸ್ಕಾರ್ಫ್ ಎತ್ತಿಕೊಂಡಳು. "ಕೈ ಹಿಂದೆ ಮಾಡು. ಭಾನುವಾರಕ್ಕೆ ಅಭ್ಯಾಸ ಬೇಡವಾ?"

ಟೈಲರಮ್ಮ ನಿಟ್ಟುಸಿರಿಟ್ಟು ಕೈ ಕೊಟ್ಟಳು. "ಈ ಸಲ ತುದಿ ಯಾವ ಕಡೆ ಅಂತಾದ್ರೂ ಹೇಳೇ."

"ಹೇಳಲ್ಲ," ಎಂದಳು ಮಗಳು, ಬಿಗಿಯುತ್ತ. "ಬಿಟ್ಟರೇನೇ ಕಲಿಯೋದು."